ಎಮ್ಮಿಗೆ ವಿಮೆ ಬೇಕೋ, ಬ್ಯಾಡೋ?



ಹೋದ ಪಾಠದಲ್ಲಿ ನಾವು ನೂರರ ಲೆಕ್ಕ ಕಲಿತೆವು. ನೂರಕ್ಕೆ ಎಷ್ಟು ಬಡ್ಡಿ ಅಂತ ಲೆಕ್ಕ ಹಾಕಿ ನೋಡಿದೆವು. ಈ ಸಲ ಅದೇ ಲೆಕ್ಕವನ್ನು ದನದ ಕೊಟ್ಟಿಗೆಗೆ ತಗೊಂಡು ಹೋಗೋಣ.

ಮೊನ್ನೆ ರಾತ್ರಿ ಜತ್ತ ತಾಲೂಕಿನ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಮಾತು ಬಂತು. ಒಬ್ಬ ಅಕ್ಕ ಸಾಂಗೋಲೆ ಸಂತೆಯಿಂದ ಪಂಢರಪುರಿ ಎಮ್ಮೆ ತಂದಿದ್ದಾಳೆ. ಕೋಡು ಬೆನ್ನಿನ ತನಕ ಉದ್ದ. ಬೆಲೆ 60,000 ರೂಪಾಯಿ. ಅದರಲ್ಲಿ ಅರ್ಧ ಬಚತ್ ಗಟ್ಟಿನ ಸಾಲ.

"ವಿಮೆ ಇಳಸ್ರಿ ಅಂತ ದನದ ದವಾಖಾನಿಯವರು ಹೇಳ್ಯಾರ. ಇಳಸಲ್ಯೋ ಬ್ಯಾಡೋ, ಬಾಯಾರ?" ಅಂತ ಆಕೆ ಕೇಳಿದಳು.

ಮೂಲೆಯಲ್ಲಿ ಕುಂತಿದ್ದ ಆಯಿ ಸುಮ್ಮನಿರಲಿಲ್ಲ. "ಎಮ್ಮಿ ಬದುಕಿದ್ರ ಕೊಟ್ಟ ರೊಕ್ಕ ಹೊಳಿಗೆ ಹಾಕಿದಂಗ. ಸತ್ತರ ಅಷ್ಟ ಬರತೈತಿ. ಎಮ್ಮಿ ಯಾವಾಗ ಸಾಯತೈತಿ ಅಂತ ಕಾಯೂದೇನು?"

ಎಲ್ಲರೂ ನಕ್ಕರು. ಆದರೆ ಆಯಿಯ ಮಾತು ತಪ್ಪಲ್ಲ. ಲೆಕ್ಕ ಮಾಡದೆ ರೊಕ್ಕ ಕೊಡಬಾರದು. ಅದಕ್ಕೆ ಹಲಗೆಯ ಮೇಲೆ ಲೆಕ್ಕ ಬರೆದೆವು.

ವಿಮೆಗೆ ಕಟ್ಟುವ ರೊಕ್ಕಕ್ಕೆ ಕಂತು ಅನ್ನುತ್ತಾರೆ. ನಮ್ಮ ಕಡೆ ಹಪ್ತೆ ಅಂತಾರೆ. ಕಂತಿನ ದರ ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕಕ್ಕಾಗಿ ವರ್ಷಕ್ಕೆ ನೂರಕ್ಕೆ 4 ರೂಪಾಯಿ ಅಂತ ಹಿಡಿಯೋಣ. 60,000ದಲ್ಲಿ 600 ನೂರುಗಳಿವೆ. 600 ಸಲ 4 ಅಂದರೆ 2,400 ರೂಪಾಯಿ.

ಈಗ 25 ಮನೆಯವರು ತಲಾ 2,400 ಹಾಕಿದರು ಅನ್ನಿ. ಒಟ್ಟು 60,000 ಆಯಿತು. ಅಂದರೆ ಒಂದು ಎಮ್ಮೆಯ ಬೆಲೆ. 25 ಮನೆಯಲ್ಲಿ ಯಾರದೋ ಒಂದು ಎಮ್ಮೆ ಸತ್ತರೆ ಆ ರೊಕ್ಕ ಅವರಿಗೆ. ಇದು ಭಿಶಿ ಇದ್ದಂಗ. ಭಿಶಿಯಲ್ಲಿ ಎಲ್ಲರ ಪಾಳಿ ಬರುತ್ತದೆ. ಇಲ್ಲಿ ಮಾತ್ರ ನಮ್ಮ ಪಾಳಿ ಬಾರದಿರಲಿ ಅಂತ ದೇವರಿಗೆ ಕಾಯಿ ಒಡೆಯುತ್ತೇವೆ. ಕಂಪನಿಯವರೂ ತಮ್ಮ ಖರ್ಚು ಹಿಡಿದೇ ದರ ಹಾಕುತ್ತಾರೆ, ಅದೂ ನೆನಪಿರಲಿ.

2,400 ನಮ್ಮಂಥವರಿಗೆ ಸಣ್ಣ ರೊಕ್ಕ ಅಲ್ಲ. ಆದರೆ ಸರಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಅಂತ ಒಂದು ಯೋಜನೆ ಇದೆ. ಅದರಲ್ಲಿ ಕಂತಿನ ದೊಡ್ಡ ಪಾಲನ್ನು ಸರಕಾರ ಕಟ್ಟುತ್ತದೆ. ಮೊದಲು ದನ ಸಾಕುವವರ ಪಾಲು ನೂರಕ್ಕೆ 20ರಿಂದ 50ರ ತನಕ ಇತ್ತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಅದನ್ನು 15ಕ್ಕೆ ಇಳಿಸಿತು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಆಗ 2,400ರಲ್ಲಿ ನಮ್ಮ ಪಾಲು 360 ರೂಪಾಯಿ. ದಿನಕ್ಕೆ ಒಂದು ರೂಪಾಯಿಯೂ ಬೀಳಲಿಲ್ಲ! ಈ ಸವಲತ್ತು ನಮ್ಮ ತಾಲೂಕಿನಲ್ಲಿ ಈಗ ಸಿಗುತ್ತದೋ ಇಲ್ಲವೋ ಅಂತ ಮೊದಲು ದನದ ದವಾಖಾನೆಯಲ್ಲಿ ಕೇಳಬೇಕು. ಸಿಗದಿದ್ದರೆ ಪೂರ್ತಿ 2,400 ನಮ್ಮ ಕೈಯಿಂದಲೇ.

ಒಬ್ಬ ಕಾಕಾ ಕೇಳಿದರು, "2022ರಾಗ ಚರ್ಮಗಂಟು ರೋಗ ಬಂದಾಗ ಸರಕಾರನ ರೊಕ್ಕ ಕೊಡ್ತಲ್ಲ?" ಹೌದು, ನಮ್ಮ ಮಹಾರಾಷ್ಟ್ರದಲ್ಲಿ ಸತ್ತ ಹಾಲಿನ ಆಕಳಿಗೆ 30,000, ಎತ್ತಿಗೆ 25,000, ಕರುವಿಗೆ 16,000 ರೂಪಾಯಿ ಕೊಟ್ಟರು. ಆದರೆ ಅದು ಆ ಒಂದು ರೋಗಕ್ಕೆ ಕೊಟ್ಟದ್ದು. ಹಾವು ಕಡಿದು ಎಮ್ಮೆ ಸತ್ತರೆ ಆ ರೊಕ್ಕ ಸಿಗುವುದಿಲ್ಲ.

ಹಾವಿನ ಮಾತು ಬಂದದ್ದಕ್ಕೆ ನಮ್ಮ ಮನೆಯ ಕತೆ ಹೇಳುತ್ತೇನೆ. ನಮ್ಮ ದೊಡ್ಡವ್ವ ಸಾಲ ಮಾಡಿ ಎಮ್ಮೆ ತಂದಿದ್ದಳು. ಸಾಲದ ಜೊತೆಗೇ ವಿಮೆ ಇಳಿಸಿದ್ದರು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು, ಅಷ್ಟೇ. ಎಮ್ಮೆ ಜಾಲಿಗಿಡಕ್ಕೆ ತಲೆ ತಿಕ್ಕಿ ಕಿವಿಯ ಓಲೆ ಬೀಳಿಸಿಕೊಂಡಿತು. ಮುಂದೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಬಂದವರು ಹೊಸ ಓಲೆ ಹಾಕಿ ಹೋದರು. ಹೊಸ ಓಲೆಗೆ ಹೊಸ ನಂಬರು. ವಿಮೆಯ ಕಾಗದದಲ್ಲಿ ಹಳೇ ನಂಬರೇ ಉಳಿಯಿತು.

ಮಳೆಗಾಲದಲ್ಲಿ ಎಮ್ಮೆಗೆ ಹಾವು ಕಡಿಯಿತು. ಬೆಳಗಾಗುವುದರೊಳಗೆ ಸತ್ತಿತು. ಕಂಪನಿಯವರು ಬಂದು ಕಿವಿ ನೋಡಿದರು, ಕಾಗದ ನೋಡಿದರು. "ಕಾಗದದಾಗಿನ ಎಮ್ಮಿ ಬ್ಯಾರೆ, ಸತ್ತ ಎಮ್ಮಿ ಬ್ಯಾರೆ" ಅಂದು ಹೋದರು. ಒಂದು ರೂಪಾಯಿ ಬರಲಿಲ್ಲ. ಮನೆಯಲ್ಲಿ ಹಾಲಿಲ್ಲ, ಸಾಲದ ಹಪ್ತೆ ಮಾತ್ರ ತಿಂಗಳಾ ತಿಂಗಳಾ ಬಂತು.

ಆ ಕಾಗದ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ನಾನು ಬಿ.ಎ. ಓದಿದವಳು. ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ದೊಡ್ಡವ್ವ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಅದಕ್ಕೇ ಹೇಳುತ್ತೇನೆ. ಓಲೆಯ ಮೇಲೆ 12 ಅಂಕಿ ಇರುತ್ತವೆ. ನಾವು ಕಲಿತ 1, 2, 3 ಅಂಕಿಗಳೇ. ವಿಮೆಯ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೂ ಆ 12 ಅಂಕಿಯನ್ನು ನೀವೇ ತಾಳೆ ನೋಡಬಹುದು. ಓಲೆ ಬಿದ್ದರೆ ಅದೇ ವಾರ ದವಾಖಾನೆಗೂ ಕಂಪನಿಗೂ ತಿಳಿಸಿ. ಹೊಸ ನಂಬರನ್ನು ಕಾಗದದಲ್ಲಿ ಏರಿಸಿಕೊಳ್ಳಿ.

ಇನ್ನೂ ಕೆಲವು ಮಾತು. ವಿಮೆ ಇಳಿಸಿದ ಮೊದಲ 15 ದಿನದಲ್ಲಿ ರೋಗದಿಂದ ಸತ್ತರೆ ಸಾಮಾನ್ಯವಾಗಿ ರೊಕ್ಕ ಸಿಗುವುದಿಲ್ಲ. ಜಡ್ಡು ಬಿದ್ದ ಮೇಲೆ ಓಡಿದರೆ ಉಪಯೋಗವಿಲ್ಲ. ಕಾಲುಬಾಯಿ, ಗಳಲೆ ರೋಗದ ಲಸಿಕೆ ಹಾಕಿಸಿದ ಚೀಟಿ ಜೋಪಾನ ಇರಲಿ, ಅದನ್ನೂ ಕೇಳುತ್ತಾರೆ. ದನ ಸತ್ತರೆ ತಕ್ಷಣ ಕಂಪನಿಗೆ ಫೋನ್ ಮಾಡಿ. ಡಾಕ್ಟರು ಬಂದು ಹೆಣ ಪರೀಕ್ಷೆ ಮಾಡುವ ತನಕ ಹೂಳಬೇಡಿ. ಓಲೆ ಕಿವಿಯಲ್ಲೇ ಇರಲಿ.

ಬಹಳ ಮಂದಿ ತಿಳಿಯುವ ಹಾಗೆ ಈ ವಿಮೆ ಔಷಧದ ಖರ್ಚು ಕೊಡುವುದಿಲ್ಲ. ಸೂಜಿ, ಸಲೈನು ಎಲ್ಲ ನಮ್ಮದೇ. ಅದಕ್ಕೆ ಬೇರೆ ರೊಕ್ಕ ತೆಗೆದಿಡಬೇಕು.

ಹಾಗಾದರೆ ಆ ರಾತ್ರಿ ಏನು ಠರಾಯಿಸಿದೆವು? ಎಮ್ಮೆ ತಂದ ಅಕ್ಕನಿಗೆ ನಾನು ಒಂದೇ ಮಾತು ಕೇಳಿದೆ. "ನಾಳೆ ಈ ಎಮ್ಮಿ ಸತ್ತರ ಇನ್ನೊಂದು ತರಾಕ ಆಗತೈತೇನವ್ವಾ?" ಆಕೆ ತಲೆ ಅಲ್ಲಾಡಿಸಿದಳು. ಇರುವುದು ಒಂದೇ ಎಮ್ಮೆ, ಮೇಲೆ ಸಾಲ. ಪೂರ್ತಿ 2,400 ಕೊಡುವುದಾದರೂ ಆಕೆ ವಿಮೆ ಇಳಿಸುವುದೇ ಒಳ್ಳೇದು ಅಂತ ನನ್ನ ಮತ.

ಆಯಿಯ ಎಮ್ಮೆಗೆ 13 ವರ್ಷ. ಹಾಲಿನ ಎಮ್ಮೆ ಸಾಮಾನ್ಯವಾಗಿ 3ರಿಂದ 12 ವರ್ಷದ್ದು ಇದ್ದರೆ ಮಾತ್ರ ಕಂಪನಿ ತಗೊಳ್ಳುತ್ತದೆ. ಆಯಿ ತಿಂಗಳಿಗೆ 200 ರೂಪಾಯಿ ಬಚತ್ ಗಟ್ಟಿನಲ್ಲಿ ಬೇರೆ ಇಡುತ್ತೇನೆ ಅಂದಳು. ವರ್ಷಕ್ಕೆ ಅದೂ 2,400 ಆಗುತ್ತದೆ. ಎಮ್ಮೆ ಬದುಕಿದರೂ ರೊಕ್ಕ ಆಕೆಯದೇ. ನಾಲ್ಕು ಆಡು ಇರುವ ತಂಗಿ ಮಾತ್ರ ಇನ್ನೂ ವಿಚಾರ ಮಾಡುತ್ತಿದ್ದಾಳೆ. ಆಡಿಗೂ ವಿಮೆ ಇದೆ. ಆದರೆ ಒಂದು ಆಡು ಹೋದರೆ ಆಕೆಯ ಮನೆ ನಿಲ್ಲುವುದಿಲ್ಲ.

ಲೆಕ್ಕ ಮಾಡಿ

ಒಂದು ಆಕಳ ಬೆಲೆ 45,000 ರೂಪಾಯಿ. ನೂರಕ್ಕೆ 4ರಂತೆ ವರ್ಷದ ಕಂತು ಎಷ್ಟು? ಅದರಲ್ಲಿ ನೂರಕ್ಕೆ 15ರ ಪಾಲು ಎಷ್ಟು?

ಮಾತಾಡಿ

ನಿಮ್ಮ ಮನೆಯ ಯಾವ ದನ ಹೋದರೆ ಮನೆ ನಡೆಯುವುದು ಕಷ್ಟ? ಯಾಕೆ?

ನೋಡಿ ಬರೆಯಿರಿ

ಇವತ್ತು ಸಂಜೆ ಹಾಲು ಹಿಂಡಿದ ಮೇಲೆ ನಿಮ್ಮ ಎಮ್ಮೆಯ ಕಿವಿ ನೋಡಿ. ಓಲೆಯ ಅಂಕಿಗಳನ್ನು ಇಲ್ಲಿ ಬರೆಯಿರಿ.

__ __ __ __ __ __ __ __ __ __ __ __