ಕೊರಿಂಥದ ಸಭೆಯಲ್ಲಿ ಪಂಕ್ತಿಭೇದ

ಪಾಠಭಾಗ: ೧ ಕೊರಿಂಥ ೧೧:೧೭–೩೪

ಕರ್ತನ ಭೋಜನಕ್ಕೆ ಕೂಡಿದ ಕೊರಿಂಥದವರಲ್ಲಿ ಕೆಲವರು ಹಸಿದು ಕುಳಿತಿರಲು ಕೆಲವರು ಕುಡಿದು ಮತ್ತರಾದದ್ದಕ್ಕಾಗಿ ಪೌಲನು ಕಠಿಣವಾಗಿ ಗದರಿಸಿದನು. ಒಂದೇ ಮನೆಯಲ್ಲಿ ಇದು ಹೇಗಾಯಿತು? ಅವರು ಬರೇ ಹೊಟ್ಟೆಬಾಕರೆಂದು ನೆನಸಿ ಬಿಟ್ಟರೆ ಈ ಪಾಠವು ನಮ್ಮನ್ನು ಮುಟ್ಟದು. ಆದಕಾರಣ ಆ ಜನರ ಬಾಳುವೆಯನ್ನು ವಿಚಾರಿಸೋಣ. ಇದರಲ್ಲಿ ಸಮಾಜಶಾಸ್ತ್ರವು ನಮಗೆ ಸಹಾಯಮಾಡುತ್ತದೆ.

೧. ಪಟ್ಟಣ. ರೋಮಾಯರು ಕ್ರಿಸ್ತಪೂರ್ವ ೧೪೬ರಲ್ಲಿ ಕೊರಿಂಥವನ್ನು ಹಾಳುಮಾಡಿದರು. ೪೪ರಲ್ಲಿ ಯೂಲಿಯ ಕೈಸರನು ಅದನ್ನು ತಿರಿಗಿ ಸ್ಥಾಪಿಸಿದನು. ಅಲ್ಲಿ ನೆಲಸಿದವರಲ್ಲಿ ಬಿಡುಗಡೆ ಹೊಂದಿದ ದಾಸರು ಬಹುಮಂದಿ. ಎರಡು ರೇವುಗಳ ವ್ಯಾಪಾರದಿಂದ ಕೆಲವರು ಐಶ್ವರ್ಯವಂತರಾದರು. ಸಭೆಯಲ್ಲಿಯಾದರೋ ಕುಲೀನರು ಕೊಂಚವೇ ಇದ್ದರು (೧:೨೬).

೨. ಮನೆ. ಆಗ ದೇವಾಲಯದ ಕಟ್ಟಡಗಳಿರಲಿಲ್ಲ. ಗಾಯನಂಥವರ ಮನೆಯಲ್ಲಿ ಸಭೆಯು ಕೂಡುತ್ತಿತ್ತು (ರೋಮಾ ೧೬:೨೩). ಸ್ಥಿತಿವಂತರ ಊಟದ ಕೋಣೆಯಲ್ಲಿ ಸಾಮಾನ್ಯವಾಗಿ ಒಂಬತ್ತು ಮಂದಿಗೆ ಒರಗಿಕೊಳ್ಳುವ ಸ್ಥಳವಿತ್ತು. ಮಿಕ್ಕವರು ಅಂಗಳದಲ್ಲಿ ಕುಳಿತಿರಬೇಕೆಂದು ಪಂಡಿತರು ಊಹಿಸುತ್ತಾರೆ.

೩. ರೂಢಿ. ಮೊದಲನೆಯ ಶತಮಾನದ ಕೊನೆಯಲ್ಲಿದ್ದ ಪ್ಲಿನಿ ಎಂಬ ರೋಮಾಯನು ತಾನು ಉಂಡ ಒಂದು ಔತಣದ ವಿಷಯವಾಗಿ ಬರೆದಿದ್ದಾನೆ. ಅಲ್ಲಿ ಯಜಮಾನನಿಗೂ ಆಪ್ತರಿಗೂ ಒಂದು ದ್ರಾಕ್ಷಾರಸ, ಕೆಳಗಿನ ಸ್ನೇಹಿತರಿಗೆ ಮತ್ತೊಂದು, ಬಿಡುಗಡೆಯಾದ ದಾಸರಿಗೆ ಇನ್ನೊಂದು! ಕ್ರೈಸ್ತನಲ್ಲದ ಪ್ಲಿನಿಯೂ ಇದನ್ನು ಮೆಚ್ಚಲಿಲ್ಲ. ಜರ್ಮನಿಯ ಪಂಡಿತನಾದ ಗೆರ್ಡ್ ಥೈಸೆನ್ ಎಂಬವರು ೧೯೭೪ರಲ್ಲಿ ಇಂಥ ಸಾಕ್ಷಿಗಳಿಂದಲೇ ನಮ್ಮ ಪಾಠಭಾಗವನ್ನು ವಿವರಿಸಿದರು. ಧನವಂತರು ದುರುದ್ದೇಶದಿಂದಲ್ಲ, ಲೋಕದ ರೂಢಿಯಂತೆಯೇ ನಡೆದುಕೊಂಡರು ಎಂಬದು ಅವರ ವಿವರಣೆಯ ಸಾರ.

ಇಲ್ಲಿಯೇ ನಾವು ಎಚ್ಚರಪಡತಕ್ಕದ್ದು. ರೂಢಿಯು ಪಾಪವೆಂದು ಮನಸ್ಸಿಗೆ ತೋರುವದಿಲ್ಲ. ಅದು ಹೊಸಲನ್ನು ಸದ್ದಿಲ್ಲದೆ ದಾಟಿ ಕರ್ತನ ಮೇಜಿನ ವರೆಗೂ ಬರುತ್ತದೆ. ಇದರಿಂದ ಇಲ್ಲದವರಿಗೆ ಅವಮಾನವೂ ದೇವರ ಸಭೆಗೆ ತಿರಸ್ಕಾರವೂ ಆಗುವದೆಂದು ಪೌಲನು ತೋರಿಸಿದನು (ವ. ೨೨). ಒಬ್ಬರಿಗೋಸ್ಕರ ಒಬ್ಬರು ಕಾದಿರಬೇಕೆಂಬದೇ ಅವನು ಕೊಟ್ಟ ಆಜ್ಞೆ (ವ. ೩೩). ಹೊಲದ ಕೆಲಸ ತೀರಿಸಿ ತಡವಾಗಿ ಬರುವ ಕೂಲಿಯವನಿಗೆ ಈ ಆಜ್ಞೆಯು ಎಷ್ಟು ದೊಡ್ಡ ಆದರಣೆ!

ಸಮಾಜಶಾಸ್ತ್ರವು ದೇವರ ವಾಕ್ಯಕ್ಕೆ ಬದಲಾಗದು. ಆದರೆ ಆ ವಾಕ್ಯವು ಯಾವ ಗಾಯಕ್ಕೆ ಔಷಧವಾಗಿ ಬಂದಿತೋ ಆ ಗಾಯವನ್ನು ನಮಗೆ ತೋರಿಸುತ್ತದೆ.

ಪ್ರಶ್ನೆಗಳು: (೧) ಕೊರಿಂಥದ ಬಡವರು ಯಾಕೆ ಹಸಿದಿದ್ದರು? (೨) ನಮ್ಮ ಪ್ರೀತಿಭೋಜನದಲ್ಲಿ ಮೊದಲು ಕೂಡ್ರುವವರು ಯಾರು? ಕಡೆಗೆ ಉಣ್ಣುವವರು ಯಾರು? (೩) ಊರಿನ ಯಾವ ರೂಢಿಯನ್ನು ನಾವು ಸಭೆಯೊಳಗೆ ತಂದಿದ್ದೇವೆ?