ಎರಡನೇ ಪಿಟೀಲು ಒಪ್ಪಿಕೊಳ್ಳಲೇ?

ಕ್ವಾರ್ಟೆಟ್‌ನಲ್ಲಿ ಎರಡನೇ ಪಿಟೀಲು ಎಂದರೆ ಕೆಳಗಿನ ಸ್ಥಾನವೆಂದು ನಿಮ್ಮ ತಂದೆಯವರಿಗೆ ಬೇಸರ ಎಂದಿದ್ದೀರಿ. ಹಾಗೇನಿಲ್ಲಮ್ಮ. ಎಮರ್ಸನ್ ಕ್ವಾರ್ಟೆಟ್‌ನಲ್ಲಿ ಯೂಜೀನ್ ಡ್ರಕರ್, ಫಿಲಿಪ್ ಸೆಟ್ಜರ್ ಇಬ್ಬರೂ ಮೊದಲ ಕುರ್ಚಿಯನ್ನು ಸರದಿಯಂತೆ ಹಂಚಿಕೊಂಡರು. ಗ್ವಾರ್ನೇರಿ ಕ್ವಾರ್ಟೆಟ್‌ನ ಜಾನ್ ಡ್ಯಾಲಿ 1964ರಿಂದ 2009ರವರೆಗೂ ಎರಡನೆಯದರಲ್ಲೇ ಕೂತರು. ಕೀಳರಿಮೆ ಇಟ್ಟುಕೊಂಡು ಯಾರೂ ಅಷ್ಟು ಕಾಲ ಕೂರಲಾರರು. ಮೊದಲ ಪಿಟೀಲಿಗೂ ಕೆಳಗಿನ ವಿಯೋಲಾ, ಚೆಲ್ಲೋಗಳಿಗೂ ನಡುವೆ ಶ್ರುತಿ, ಲಯ ಹೊಂದಿಸುವ ಕೆಲಸ ಬಹುಪಾಲು ಎರಡನೇ ಪಿಟೀಲಿನವರದೇ.

ನನ್ನ ಚಿಂತೆ ಹಣದ್ದು. ಆರ್ಕೆಸ್ಟ್ರಾದ ಕಾಯಂ ಕೆಲಸದಲ್ಲಿ ಸಂಬಳ ಖಚಿತ. ಕ್ವಾರ್ಟೆಟ್‌ನಲ್ಲಿ ಏಜೆಂಟರ ಕಮಿಷನ್, ಹೋಟೆಲು, ವಿಮಾನದಲ್ಲಿ ಚೆಲ್ಲೋಗೊಂದು ಸೀಟು (ಹೌದು, ಅದಕ್ಕೂ ಟಿಕೆಟ್!) ಕಳೆದು ಉಳಿದದ್ದು ನಾಲ್ಕು ಪಾಲು. ಹೆಸರಾಂತ ತಂಡಗಳಿಗೂ ವಿಶ್ವವಿದ್ಯಾಲಯದ ಆಸರೆಯಿತ್ತು: ಎಮರ್ಸನ್‌ಗೆ ಸ್ಟೋನಿ ಬ್ರೂಕ್, ಗ್ವಾರ್ನೇರಿಗೆ ಮೇರಿಲ್ಯಾಂಡ್. ನಿಮಗೂ ಅಂಥದ್ದು ಸಿಗುವತನಕ ಪಾಠ ಹೇಳುವುದನ್ನು ಬಿಡಬೇಡಿ.

ಒಪ್ಪುವ ಮುನ್ನ ತಂಡದ ಉಳಿದ ಮೂವರ ಜೊತೆ ವಾರವಿಡೀ ಹೇಡನ್ ಅಭ್ಯಾಸ ಮಾಡಿ. ಜಗಳವಾದರೆ ಆಗಲಿ. ಊಟಕ್ಕೆ ಒಟ್ಟಿಗೆ ಕೂರದಿದ್ದರೂ ಸರಿ, ಮರುದಿನ ಹೊತ್ತಿಗೆ ಸರಿಯಾಗಿ ಬರುತ್ತಾರೋ ನೋಡಿ. ಯಾರಾದರೂ ತಂಡ ಬಿಟ್ಟರೆ ಹೆಸರು, ಹಣ ಯಾರಿಗೆ ಎಂಬುದನ್ನು ಈಗಲೇ ಕಾಗದದಲ್ಲಿ ಬರೆಸಿಕೊಳ್ಳಿ.