ತಲೆ ಬೋಳಿಸದೆ ಕೂದಲು ಕಸಿ

ಮಳೆಗಾಲದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಪ್ರಯಾಣ ಮಾಡುವವರು ದಾರಿಯ ಎರಡು ಬದಿಯ ಗದ್ದೆಗಳಲ್ಲಿ ನಾಟಿಯ ಕೆಲಸ ನಡೆಯುವುದನ್ನು ಕಾಣುತ್ತಾರೆ. ಸಸಿಮಡಿಯಲ್ಲಿ ಒತ್ತಾಗಿ ಬೆಳೆದ ಭತ್ತದ ಪೈರನ್ನು ಬೇರುಸಹಿತವಾಗಿ ಕಿತ್ತು, ಬರಿಯ ಗದ್ದೆಯಲ್ಲಿ ಅಂತರವಿಟ್ಟು ನೆಡುವುದೇ ನಾಟಿ. ಮನುಷ್ಯನ ತಲೆಯ ಮೇಲೆಯೂ ಇಂಥದೇ ಒಂದು ನಾಟಿಯನ್ನು ವೈದ್ಯರು ಈಗ ಮಾಡುತ್ತಾರೆ. ಇದಕ್ಕೆ ಕೂದಲು ಕಸಿ ಎಂದು ಹೆಸರು. ಆದರೆ ಗದ್ದೆಗೂ ತಲೆಗೂ ಒಂದು ಮುಖ್ಯವಾದ ವ್ಯತ್ಯಾಸ ಉಂಟು. ಭತ್ತದ ಮಡಿಯಲ್ಲಿ ಮರುವರ್ಷ ಬೀಜ ಚೆಲ್ಲಿ ಹೊಸ ಸಸಿಗಳನ್ನು ಪಡೆಯಬಹುದು. ತಲೆಯ ಮಡಿಯಲ್ಲಿ ಮತ್ತೆ ಚೆಲ್ಲಲು ಬೀಜವಿಲ್ಲ. ಮುಂದಿನ ವಿಚಾರವೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಸಾಮಾನ್ಯವಾಗಿ ಈ ಚಿಕಿತ್ಸೆಗೆ ಮುನ್ನ ತಲೆಯನ್ನು ಬೋಳಿಸುತ್ತಾರೆ. ಬೋಳಿಸದೆಯೂ ಮಾಡಬಹುದೆಂಬ ಮಾತು ಈಗ ಪ್ರಚಾರದಲ್ಲಿದೆ. ಅದು ಹೇಗೆ ಸಾಧ್ಯ? ಅದರಿಂದ ಲಾಭವೇನು, ನಷ್ಟವೇನು? ಕೊಂಚ ಭೌತಶಾಸ್ತ್ರದ ನೆರವಿನಿಂದ ವಿಚಾರ ಮಾಡೋಣ.

ಕೂದಲು ಮತ್ತು ಅದರ ಬೇರು

ನಮ್ಮ ಕಣ್ಣಿಗೆ ಕಾಣುವ ಕೂದಲು ನಿರ್ಜೀವ ವಸ್ತು. ಜೀವವಿರುವುದು ಚರ್ಮದೊಳಗೆ 4-5 ಮಿಲಿಮೀಟರು ಆಳಕ್ಕೆ ಇಳಿದಿರುವ ರೋಮಕೂಪದಲ್ಲಿ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಎರಡರಿಂದ ಆರು ವರ್ಷಗಳ ಕಾಲ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆದು, ಬಳಿಕ ಎರಡು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಕೂಪದಿಂದ ಮತ್ತೆ ಹೊಸ ಕೂದಲು ಹುಟ್ಟುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ತಲೆ ಕೆಲವೇ ತಿಂಗಳಲ್ಲಿ ಮೊದಲಿನಂತಾಗುವುದು ಈ ಕಾರಣದಿಂದಲೇ. ಕ್ಷೌರಿಕನ ಕತ್ತಿ ಕೂಪವನ್ನು ಮುಟ್ಟುವುದಿಲ್ಲ.

ಗಂಡಸರ ಬೊಕ್ಕತಲೆಯಲ್ಲಿ ಕೆಡುವುದು ಈ ಕೂಪವೇ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬಾತನು ಇದಕ್ಕೆ ಅನುವಂಶೀಯತೆಯೂ ಪುರುಷ ಹಾರ್ಮೋನೂ ಎರಡೂ ಕಾರಣವೆಂದು 1942ರಲ್ಲಿ ತೋರಿಸಿದನು. ಹಾರ್ಮೋನಿನ ಪ್ರಭಾವದಿಂದ ಹಣೆಯ ಮೇಲಿನ ಮತ್ತು ನೆತ್ತಿಯ ಕೂಪಗಳು ವರ್ಷವರ್ಷಕ್ಕೂ ಕುಗ್ಗುತ್ತವೆ. ಆದರೆ ತಲೆಯ ಹಿಂಭಾಗದ ಮತ್ತು ಕಿವಿಗಳ ಮೇಲ್ಭಾಗದ ಕೂಪಗಳು ಬಹುಮಟ್ಟಿಗೆ ಕುಗ್ಗದೆ ಉಳಿಯುತ್ತವೆ. ಪೂರ್ತಿ ಬೊಕ್ಕತಲೆಯವರಿಗೂ ಹಿಂದೆ ಒಂದು ಅರ್ಧಚಂದ್ರದಷ್ಟು ಕೂದಲು ಇರುವುದನ್ನು ಎಲ್ಲರೂ ನೋಡಿದ್ದೇವೆ.

ಹುಟ್ಟುಗುಣ ಬಿಡದ ಚರ್ಮ

ಹಿಂಭಾಗದ ಕೂದಲನ್ನು ಮುಂದಕ್ಕೆ ತಂದು ನೆಟ್ಟರೆ ಅದು ಹಿಂದಿನ ಗುಣವನ್ನು ಉಳಿಸಿಕೊಳ್ಳುವುದೊ, ಹೊಸ ಸ್ಥಳದ ಗುಣವನ್ನು ಪಡೆಯುವುದೊ? ಇದೇ ಮೂಲಪ್ರಶ್ನೆ. ಇದಕ್ಕೆ ಸಂಬಂಧಿಸಿದ ಒಂದು ಸಂಗತಿ ನಮ್ಮ ನಾಡಿನ ಚರಿತ್ರೆಗೂ ತಗುಲುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬುವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ರಚಿಸಿದನು. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಯೂರೋಪಿನ ವೈದ್ಯರ ಗಮನವನ್ನು ಸೆಳೆಯಿತು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಹಣೆಯ ಚರ್ಮದ ಜೊತೆಗೆ ಕೂದಲಿರುವ ಅಂಚೂ ಬಂದರೆ, ಹೊಸ ಮೂಗಿನ ಮೇಲೆಯೂ ಕೂದಲು ಬೆಳೆಯುತ್ತದೆ! ಅಂದರೆ, ಚರ್ಮ ಎಲ್ಲಿಗೆ ಹೋದರೂ ತನ್ನ ಹುಟ್ಟುಗುಣವನ್ನು ಬಿಡುವುದಿಲ್ಲ.

ಜಪಾನಿನ ಶೋಜಿ ಒಕುಡಾ ಎಂಬ ವೈದ್ಯನು 1939ರಲ್ಲಿ, ಸುಟ್ಟು ಕೂದಲು ಹೋದ ತಲೆಗಳಿಗೆ ಕೂದಲುಳ್ಳ ಚರ್ಮದ ಚಿಕ್ಕ ತುಣುಕುಗಳನ್ನು ಕೂಡಿಸಿದ್ದನ್ನು ವರದಿ ಮಾಡಿದನು. ಯುದ್ಧದ ಗದ್ದಲದಲ್ಲಿ ಅದು ಹೊರಗಿನ ಪ್ರಪಂಚಕ್ಕೆ ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಬೊಕ್ಕತಲೆಗೆ ಈ ಚಿಕಿತ್ಸೆಯನ್ನು ಮಾಡಿ, 1959ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದನು. ನೆಟ್ಟ ಕೂದಲಿನ ಗುಣವನ್ನು ನಿರ್ಧರಿಸುವುದು ಅದು ಬಂದ ಸ್ಥಳವೇ ಹೊರತು ಸೇರಿದ ಸ್ಥಳವಲ್ಲ ಎಂಬುದೇ ಆ ತತ್ತ್ವ.

ತುಣುಕು ಚಿಕ್ಕದಾಗಿರಬೇಕು, ಏಕೆ?

ಓರೆಂಟ್ರೈಕನ ತುಣುಕುಗಳು ಸುಮಾರು 4 ಮಿಲಿಮೀಟರು ಅಗಲವಾಗಿದ್ದವು. ನೆಟ್ಟ ಕೂದಲು ಹಲ್ಲುಜ್ಜುವ ಬ್ರಷ್ಷಿನ ಎಳೆಗಳಂತೆ ಗೊಂಚಲು ಗೊಂಚಲಾಗಿ ಕಾಣುತ್ತಿತ್ತು. ಕೆಲವೆಡೆ ಅಂಚಿನಲ್ಲಿ ಮಾತ್ರ ಕೂದಲು ಬೆಳೆದು ನಡುವೆ ಬರಿದಾಗುತ್ತಿತ್ತು. ಕಾರಣವೇನೆಂದರೆ, ನೆಟ್ಟ ತುಣುಕಿಗೆ ಮೊದಲ ಕೆಲವು ದಿನ ರಕ್ತನಾಳದ ಸಂಬಂಧವಿಲ್ಲ. ಆಮ್ಲಜನಕವು ಸುತ್ತಲಿನ ದ್ರವದಿಂದ ವಿಸರಣ ಕ್ರಿಯೆಯಿಂದಲೇ ಒಳಗೆ ಹೋಗಬೇಕು. ವಿಸರಣಕ್ಕೆ ಬೇಕಾಗುವ ಕಾಲವು ದೂರದ ವರ್ಗಕ್ಕೆ ಅನುಗುಣವಾದುದು. 4 ಮಿಲಿಮೀಟರು ತುಣುಕಿನ ಅಂಚಿನಿಂದ ಕೇಂದ್ರಕ್ಕೆ 2 ಮಿಲಿಮೀಟರು. 1 ಮಿಲಿಮೀಟರು ತುಣುಕಿನಲ್ಲಿ ಅರ್ಧ ಮಿಲಿಮೀಟರು. ದೂರ ನಾಲ್ಕನೆಯ ಒಂದು ಭಾಗವಾದರೆ ಕಾಲ ಹದಿನಾರನೆಯ ಒಂದು ಭಾಗವಾಗುತ್ತದೆ.

ಕೂದಲುಗಳು ಸಹಜವಾಗಿಯೇ ಒಂದರಿಂದ ನಾಲ್ಕರ ಗುಂಪುಗಳಲ್ಲಿ ಹುಟ್ಟುತ್ತವೆ. ಈ ಸಹಜ ಗುಂಪನ್ನೇ ಘಟಕವಾಗಿ ನೆಡುವ ಕ್ರಮ 1990ರ ದಶಕದಲ್ಲಿ ರೂಢಿಗೆ ಬಂದಿತು. ಅಮೆರಿಕದ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ ಎಂಬವರು ಒಂದೊಂದು ಘಟಕವನ್ನೂ ಸಣ್ಣ ಕೊಳವೆಯಂಥ ಅಲಗಿನಿಂದ ನೇರವಾಗಿ ಹೊರತೆಗೆಯುವ ವಿಧಾನವನ್ನು 2002ರಲ್ಲಿ ವಿವರಿಸಿದರು.

ಬೋಳಿಸುವುದೇಕೆ?

ಈ ಕೊಳವೆಯ ಅಡ್ಡಗಲ ಸುಮಾರು 0.9 ಮಿಲಿಮೀಟರು. ಅದನ್ನು ಕೂದಲಿನ ಸುತ್ತ ಇಟ್ಟು, ತಿರುಗಿಸುತ್ತ, ಸುಮಾರು 3 ಮಿಲಿಮೀಟರು ಆಳಕ್ಕೆ ಇಳಿಸಿ, ಬಿಡಿಸಿದ ಘಟಕವನ್ನು ಚಿಮಟದಿಂದ ಎತ್ತುತ್ತಾರೆ. ಕೂದಲು ಚರ್ಮದೊಳಗೆ ಓರೆಯಾಗಿ ಇಳಿದಿರುತ್ತದೆ. ಅಲಗೂ ಅದೇ ಓರೆಯಲ್ಲಿ ಇಳಿಯಬೇಕು. ದಿಕ್ಕು 9 ಡಿಗ್ರಿಯಷ್ಟು ತಪ್ಪಿತೆನ್ನಿ. 3 ಮಿಲಿಮೀಟರು ಆಳದಲ್ಲಿ ಆಗುವ ಪಲ್ಲಟ 3 × ಟ್ಯಾನ್ 9° = 0.475 ಮಿಲಿಮೀಟರು. ಕೊಳವೆಯ ತ್ರಿಜ್ಯವೊ 0.45 ಮಿಲಿಮೀಟರು ಮಾತ್ರ. ಆದುದರಿಂದ ಅಲಗು ಬೇರನ್ನೇ ಕತ್ತರಿಸುತ್ತದೆ. ಗಡಿಯಾರದ ನಿಮಿಷದ ಮುಳ್ಳು ಒಂದೂವರೆ ನಿಮಿಷದಲ್ಲಿ ತಿರುಗುವ ಕೋನ ಇದು! ಗುಂಪಿನ ಎರಡು ಮೂರು ಬೇರುಗಳು ಒಳಗೆ ಕವಲಿಟ್ಟಿದ್ದರೆ ಇಷ್ಟು ತಪ್ಪಿಗೂ ಎಡೆಯಿಲ್ಲ.

ಒಂದೆರಡು ಮಿಲಿಮೀಟರು ಉಳಿಯುವಂತೆ ಕತ್ತರಿಸಿದ ಕೂದಲು ಬೇರಿನ ದಿಕ್ಕನ್ನು ತೋರಿಸುವ ಸೂಚಿಯಂತೆ ನಿಂತಿರುತ್ತದೆ. ಉದ್ದ ಕೂದಲಾದರೊ ತನ್ನ ಭಾರಕ್ಕೆ ಬಾಗಿ ಬುಡವನ್ನು ಮರೆಮಾಡುತ್ತದೆ. ತಿರುಗುವ ಅಲಗಿಗೆ ಸುತ್ತಿಕೊಳ್ಳುತ್ತದೆ. ಬೋಳಿಸುವುದಕ್ಕೆ ಇವೇ ಕಾರಣಗಳು.

ಅಲಗಿನ ಹರಿತವೂ ಮುಖ್ಯ. 1923ರಲ್ಲಿ ಕಬ್ಬಿಣದ ತಯಾರಿಕೆ ಆರಂಭವಾಗಿ, ಮುಂದೆ ಮಿಶ್ರ ಉಕ್ಕಿಗೆ ಹೆಸರಾದ ಭದ್ರಾವತಿಯ ವಿದ್ಯಾರ್ಥಿಗಳಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಕೊಳವೆಯ ಸುತ್ತಳತೆ ಸುಮಾರು 2.8 ಮಿಲಿಮೀಟರು. ಅಂಚಿನ ದಪ್ಪ 0.01 ಮಿಲಿಮೀಟರೆಂದು ಭಾವಿಸಿದರೆ, 1 ನ್ಯೂಟನ್ ಬಲಕ್ಕೆ ಉಂಟಾಗುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 350 ಪಟ್ಟು. ಅಂಚು ಮೊಂಡಾಗಿ ದಪ್ಪ ಐದು ಪಟ್ಟಾದರೆ ಒತ್ತಡ ಐದನೆಯ ಒಂದು ಭಾಗಕ್ಕಿಳಿಯುತ್ತದೆ. ಆಗ ಚರ್ಮ ಕತ್ತರಿಸುವ ಬದಲು ತಗ್ಗುತ್ತದೆ, ಬೇರಿನ ದಿಕ್ಕೂ ಬದಲಾಗುತ್ತದೆ.

ಬೋಳಿಸದೆ ಮಾಡುವ ಬಗೆಗಳು

ಮೊದಲನೆಯದು ಪಟ್ಟಿಯ ವಿಧಾನ. ಹಿಂಭಾಗದಲ್ಲಿ ಒಂದು ಕಿರಿದಾದ ಪಟ್ಟಿಯಷ್ಟು ಮಾತ್ರ ಕೂದಲನ್ನು ಕತ್ತರಿಸಿ, ಆ ಚರ್ಮವನ್ನೇ ತೆಗೆದು, ಗಾಯವನ್ನು ಹೊಲಿದು, ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಘಟಕಗಳಾಗಿ ಬಿಡಿಸುತ್ತಾರೆ. ಮೇಲಿನ ಕೂದಲು ಹೊಲಿಗೆಯನ್ನು ಮುಚ್ಚುತ್ತದೆ. ಆದರೆ ಗೆರೆಯಂಥ ಕಲೆ ಉಳಿಯುತ್ತದೆ. ಎರಡನೆಯದರಲ್ಲಿ, ಉದ್ದ ಕೂದಲಿನ ಮರೆಯಲ್ಲಿ ಚಿಕ್ಕ ಚಿಕ್ಕ ಭಾಗಗಳನ್ನಷ್ಟೇ ಬೋಳಿಸಿ ಘಟಕಗಳನ್ನು ತೆಗೆಯುತ್ತಾರೆ. ಮೂರನೆಯದರಲ್ಲಿ, ಆರಿಸಿದ ಕೂದಲನ್ನು ಮಾತ್ರ ಒಂದೊಂದಾಗಿ ಗಿಡ್ಡಮಾಡಿ ತೆಗೆಯುತ್ತಾರೆ. ನಾಲ್ಕನೆಯದರಲ್ಲಿ, ವಿಶೇಷ ಆಕಾರದ ಅಲಗಿನಿಂದ ಉದ್ದ ಕೂದಲನ್ನು ಕತ್ತರಿಸದೆಯೇ ಹೊರತರುತ್ತಾರೆ. ಇದೇ ಎಲ್ಲಕ್ಕಿಂತ ಕಠಿಣ.

ಇದರ ಬೆಲೆಯನ್ನು ಕಾಲದಲ್ಲಿ ಅಳೆಯೋಣ. 60 ಚದರ ಸೆಂಟಿಮೀಟರು ಬರಿಯ ಜಾಗದಲ್ಲಿ ಚದರ ಸೆಂಟಿಮೀಟರಿಗೆ 35ರಂತೆ ನೆಡಲು 2,100 ಘಟಕಗಳು ಬೇಕು. ಒಂದೊಂದನ್ನು ಗಿಡ್ಡಮಾಡಲು 5 ಸೆಕೆಂಡು ಹೆಚ್ಚಾಗಿ ಹಿಡಿದರೂ ಸುಮಾರು ಮೂರು ಗಂಟೆ ಹೆಚ್ಚುತ್ತದೆ. ಅಷ್ಟು ಹೊತ್ತೂ ವೈದ್ಯನ ಕೈಕಣ್ಣುಗಳು ದಣಿಯುತ್ತವೆ. ಹೊರಬಂದ ಘಟಕಗಳು ತಣ್ಣನೆಯ ದ್ರವದಲ್ಲಿ ಕಾಯಬೇಕಾಗುತ್ತದೆ. ಆದುದರಿಂದ ಈ ವಿಧಾನ ಅಲ್ಪ ಸಂಖ್ಯೆಯ ಘಟಕಗಳಿಗೆ, ಮತ್ತು ತಲೆ ಬೋಳಿಸಲು ಒಲ್ಲದ ಸ್ತ್ರೀಯರಿಗೆ ಹೆಚ್ಚು ಒಪ್ಪುತ್ತದೆ. ಬೋಳಿಸದ ಮಾತ್ರಕ್ಕೆ ನೆಟ್ಟ ಕೂದಲು ಹೆಚ್ಚು ಬೆಳೆಯುವುದಿಲ್ಲ. ಯಾವ ವಿಧಾನವಾದರೂ ನೆಟ್ಟ ಕೂದಲಿನ ಬಹುಭಾಗ ಕೆಲವು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಹೊಸದು ಮೊಳೆತು, ಫಲ ಪೂರ್ತಿಯಾಗಿ ಕಾಣಲು ಒಂದು ವರ್ಷ ಬೇಕು.

ಒಂದು ಪ್ರಯೋಗ

ಕೂದಲಿನ ದಪ್ಪವನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಉದುರಿದ ಕೂದಲೊಂದನ್ನು ಚೌಕಟ್ಟಿಗೆ ಬಿಗಿದು, ಕೆಂಪು ಲೇಸರ್ ಕಿರಣವನ್ನು ಅದರ ಮೇಲೆ ಹಾಯಿಸಿ, 2 ಮೀಟರು ದೂರದ ಗೋಡೆಯನ್ನು ನೋಡಿ. ಕಿರಣವು ಕಣ್ಣಿಗೆ ಬೀಳದಂತೆ ಎಚ್ಚರ ವಹಿಸತಕ್ಕದ್ದು. ವಿವರ್ತನೆಯಿಂದ ಬೆಳಕು-ಕತ್ತಲೆಯ ಸಾಲು ಮೂಡುತ್ತದೆ. ನಡುವಿನಿಂದ ಮೊದಲ ಕತ್ತಲೆಗೆ 16 ಮಿಲಿಮೀಟರು ಇದ್ದರೆ, ತರಂಗದೂರ 0.00065 ಮಿಲಿಮೀಟರನ್ನು 2,000ದಿಂದ ಗುಣಿಸಿ 16ರಿಂದ ಭಾಗಿಸಿ. ದಪ್ಪ ಸುಮಾರು 0.08 ಮಿಲಿಮೀಟರು. ಕೂದಲು 0.06 ಮಿಲಿಮೀಟರಿದ್ದವನಿಗಿಂತ ಇವನ ಒಂದೊಂದು ಕೂದಲಿನ ಅಡ್ಡಕೊಯ್ತದ ವಿಸ್ತೀರ್ಣ 16ಕ್ಕೆ 9ರ ಪ್ರಮಾಣದಲ್ಲಿ ಹೆಚ್ಚು. ಅಷ್ಟೇ ಸಂಖ್ಯೆಯ ಕೂದಲು ಒಬ್ಬನಿಗೆ ದಟ್ಟವಾಗಿಯೂ ಮತ್ತೊಬ್ಬನಿಗೆ ವಿರಳವಾಗಿಯೂ ಕಾಣುವುದು ಇದರಿಂದ.

ಮಡಿಯ ಉಳಿತಾಯ

ಕಸಿಯು ಹೊಸ ಕೂದಲನ್ನು ಸೃಷ್ಟಿಸುವುದಿಲ್ಲ, ಇದ್ದುದನ್ನು ಸ್ಥಳಾಂತರಿಸುತ್ತದೆ. ತೆಗೆದ ಕೂಪದ ಜಾಗದಲ್ಲಿ ಮತ್ತೆ ಕೂದಲು ಬರುವುದಿಲ್ಲ. ಅಲಗಿಗೆ ತುಂಡಾದ ಬೇರು ಎರಡು ಕಡೆಗೂ ನಷ್ಟವಾಗಬಹುದು. ಇಪ್ಪತ್ತು ವಯಸ್ಸಿನಲ್ಲಿ ಕೂದಲು ಉದುರುವುದು ಎಲ್ಲಿಗೆ ನಿಲ್ಲುವುದೆಂದು ಹೇಳಲಾಗದು. ಆಗಲೇ ಅವಸರಪಟ್ಟು ಹಣೆಯ ಅಂಚಿಗೆ ಸಸಿಗಳನ್ನೆಲ್ಲ ಸುರಿದರೆ, ಮುಂದೆ ನೆತ್ತಿ ಬರಿದಾದಾಗ ಮಡಿಯಲ್ಲಿ ಏನೂ ಉಳಿದಿರುವುದಿಲ್ಲ. ಹಲವು ಬಗೆಯ ಉದುರುವಿಕೆಗೆ ಕಸಿ ಬೇಕಾಗಿಯೇ ಇಲ್ಲ. ಜ್ವರ, ರಕ್ತಹೀನತೆ, ಥೈರಾಯ್ಡ್ ದೋಷಗಳಿಂದ ಉದುರಿದ್ದು ಮೂಲರೋಗ ವಾಸಿಯಾದರೆ ಸಾಮಾನ್ಯವಾಗಿ ಮರಳುತ್ತದೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಂಥ ಕಡೆ ಚರ್ಮರೋಗದ ವೈದ್ಯರಿಂದ ಕಾರಣವನ್ನು ತಿಳಿದುಕೊಳ್ಳುವುದು ಮೊದಲ ಕರ್ತವ್ಯ.

ಇದು ಕ್ಷೌರವಲ್ಲ, ಶಸ್ತ್ರಚಿಕಿತ್ಸೆ. ಅರಿವಳಿಕೆಯ ಔಷಧಿ, ನಂಜು, ರಕ್ತಸ್ರಾವ ಇವುಗಳ ಅಪಾಯ ಇದರಲ್ಲಿಯೂ ಉಂಟು. ಭಾರತದ ಚರ್ಮವೈದ್ಯರಿಗಾಗಿ 2008ರಲ್ಲಿ ಪ್ರಕಟವಾದ ಕೂದಲು ಕಸಿಯ ಮಾರ್ಗಸೂಚಿಯ ಲೇಖಕರಿಬ್ಬರಲ್ಲಿ ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಒಬ್ಬರು. ತರಬೇತಾದ ವೈದ್ಯರೇ ಈ ಚಿಕಿತ್ಸೆಯನ್ನು ಮಾಡತಕ್ಕದ್ದೆಂದೂ ವಿಡಿಯೋ ನೋಡಿ ಕಲಿತದ್ದು ತರಬೇತಿಯಾಗದೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿತು.

ಬೋಳಿಸಿದ ತಲೆ ಎರಡು ತಿಂಗಳಲ್ಲಿ 2 ಸೆಂಟಿಮೀಟರು ಬೆಳೆಯುತ್ತದೆ. ಕೆಟ್ಟ ಕೈಯಲ್ಲಿ ಕಳೆದ ಕೂಪ ಎಂದಿಗೂ ಬಾರದು. ಬೋಳಿಸಬೇಕೇ ಬೇಡವೇ ಎಂದು ಕೇಳುವುದಕ್ಕೆ ಮುನ್ನ, ಅಲಗು ಹಿಡಿಯುವವರು ಯಾರು, ಮಡಿಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದೇ ವಿವೇಕ.